ಚಿಪ್ಪು ತೊಟ್ಟ ಕುಬಸ

ಚಿಪ್ಪಿನ ಗೆರೆ ಎಣಿಸುವ ಗೆರೆಗಣಕ ಮೂರನೆಯ ಸಲವೂ ಅದೇ ಸಂಖ್ಯೆ ತೋರಿಸಿದಾಗ ಜಗದೇವಿಗೆ ಯಂತ್ರದ ಮೇಲಿದ್ದ ಸಂಶಯ ಕಳೆದು ತನ್ನ ಊರಿನ ಮೇಲೆ ಸಂಶಯ ಹುಟ್ಟಿತು.

ಮುನ್ನೂರ ಅರವತ್ತೈದು.

ಬೇರೆ ಯಾರಾದರೂ ಆಗಿದ್ದರೆ, ವರ್ಷಕ್ಕೆ ಮುನ್ನೂರ ಅರವತ್ತೈದು ದಿನ ಇರದೆ ಇನ್ನೆಷ್ಟು ಇರಬೇಕು ಎಂದು ನಗುತ್ತಿದ್ದರು. ಆ ಪ್ರಯೋಗಾಲಯದಲ್ಲಿ ಮಾತ್ರ ಅದು ಕಳ್ಳನ ಹೆಜ್ಜೆಗುರುತಿನಂತೆ ಕಂಡಿತು. ಕಡಲಿನ ಚಿಪ್ಪು ದಿನಕ್ಕೊಂದು ಕೂದಲೆಳೆಯಂಥ ಗೆರೆ ಕಟ್ಟಿಕೊಳ್ಳುತ್ತದೆ, ವರ್ಷಕ್ಕೊಂದು ಕಪ್ಪು ಪಟ್ಟಿ. ಎರಡು ಪಟ್ಟಿಗಳ ನಡುವಿನ ಗೆರೆಗಳನ್ನು ಎಣಿಸಿದರೆ ಆ ಜೀವಿ ಬದುಕಿದ್ದ ಕಾಲದಲ್ಲಿ ವರ್ಷಕ್ಕೆ ಎಷ್ಟು ದಿನಗಳಿದ್ದವು ಎಂಬುದು ತಿಳಿಯುತ್ತದೆ. ಭೂಮಿ ಹರೆಯದಲ್ಲಿ ಬಿರುಸಾಗಿ ತಿರುಗುತ್ತಿತ್ತು. ಚಂದ್ರ ಅದರ ಸೆರಗು ಹಿಡಿದು ಜಗ್ಗುತ್ತ ಜಗ್ಗುತ್ತ ಈಗಿನ ನಡಿಗೆಗೆ ತಂದಿದ್ದಾನೆ. ನಲವತ್ತು ಐವತ್ತು ಕೋಟಿ ವರ್ಷ ಹಳೆಯ ಚಿಪ್ಪಾದರೆ ನಾಲ್ಕುನೂರರ ಆಸುಪಾಸು ಗೆರೆ ಇರಬೇಕಿತ್ತು. ಮುನ್ನೂರ ಅರವತ್ತೈದು ಎಂದರೆ ಆ ಚಿಪ್ಪು ನಿನ್ನೆ ಮೊನ್ನೆಯದು.

ಅಂದರೆ ಯಾರೋ ತಂದು ಇಟ್ಟದ್ದು.

ಗವಿಹಾಳದ ಗವಿಯೊಳಗೆ ಆ ಚಿಪ್ಪುಗಳು ಸಿಕ್ಕಿ ಎರಡು ತಿಂಗಳಾಗಿತ್ತು. ಊರು ನಿಂತಿರುವುದೇ ಗವಿಯ ಮಾಳಿಗೆಯ ಮೇಲೆ. ಇನ್ನೂರು ಮನೆ, ಒಂದು ಶಾಲೆ, ಫರಸಿ ಕಲ್ಲು ಹಾಸಿದ ಓಣಿಗಳು. ಅವುಗಳ ಕೆಳಗೆ ಸುಣ್ಣಕಲ್ಲಿನ ಟೊಳ್ಳು ಹೊಟ್ಟೆ. ಕಾಗಿಣಾ ಹೊಳೆ ಮಳೆಗಾಲದಲ್ಲಿ ಸುಮ್ಮನೆ ಹರಿಸಿಬಿಡುವ ನೀರನ್ನು ಈ ಹೊಟ್ಟೆಗೆ ತುಂಬಿಸಿಟ್ಟು ಬೇಸಿಗೆಯಲ್ಲಿ ಸುತ್ತಲಿನ ಪಟ್ಟಣಗಳಿಗೆ ಕುಡಿಯಲು ಕೊಡುವುದು ಪಾತಾಳಕೆರೆ ಯೋಜನೆ. ಬಿರುಕುಗಳನ್ನೆಲ್ಲ ಬೆಸೆದು, ತೂಬು ಕೂರಿಸಿ, ಇನ್ನೇನು ನೀರು ಬಿಡಬೇಕು ಎನ್ನುವಾಗ ಹಿಂದಿನ ಕೋಣೆಯ ಗೋಡೆಯಲ್ಲಿ ನೂರಾ ಮೂವತ್ತೇಳು ಚಿಪ್ಪುಗಳು ಕಲ್ಲಿಗೆ ಕಲ್ಲಾಗಿ ಕೂತಿದ್ದವು. ಪತ್ರಿಕೆಗಳು ಕುಣಿದಾಡಿದವು. ಈ ಸುಣ್ಣಕಲ್ಲು ಅರವತ್ತು ಕೋಟಿ ವರ್ಷಕ್ಕೂ ಹಿಂದಿನದು. ಚಿಪ್ಪು ಕಟ್ಟುವ ಜೀವಿಗಳು ಹುಟ್ಟಿದ್ದೇ ಎಷ್ಟೋ ಕಾಲದ ಮೇಲೆ. ಅಜ್ಜಿ ಹುಟ್ಟುವ ಮೊದಲೇ ಮೊಮ್ಮಗಳು ತೊಟ್ಟಿಲಲ್ಲಿ ಮಲಗಿದಂತಾಗಿತ್ತು. ಪಳೆಯುಳಿಕೆ ನಿಜವಾದರೆ ಗವಿಗೆ ಹನಿ ನೀರೂ ತಾಕಕೂಡದು ಎಂಬ ಕಾಯಿದೆಯಿದ್ದುದರಿಂದ ಕೆಲಸ ನಿಂತಿತು. ಗವಿಯ ಬಾಯಲ್ಲೇ ಒಂದು ಪ್ರಯೋಗಾಲಯ ಎದ್ದಿತು. ಕಲಬುರಗಿಯಲ್ಲಿ ಭೂವಿಜ್ಞಾನ ಓದಿದ್ದ ಇಪ್ಪತ್ತಾರರ ಜಗದೇವಿಗೆ ಅಲ್ಲಿ ಸಹಾಯಕಿಯ ಕೆಲಸ ಸಿಕ್ಕಿತು.

ಅವಳ ಕೆಲಸ ಚಿಪ್ಪು ತೊಳೆಯುವುದು. ಮೈತುಂಬ ಬಿಳಿಯ ಗಟ್ಟಿ ಪೊರೆ ಹೊತ್ತ ಒಂದೊಂದು ಚಿಪ್ಪನ್ನೂ ನೀರು ಬೆರೆಸಿದ ತೆಳು ಆಮ್ಲದಲ್ಲಿ ಎಂಟು ನಿಮಿಷ ಅದ್ದಿ, ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ, ಗೆರೆ ಹೊಳೆಯುವಂತೆ ಮಾಡಿ ಗೆರೆಗಣಕಕ್ಕೆ ಕೊಡಬೇಕು. ನೂರಾ ಮೂವತ್ತೇಳನ್ನೂ ಅವಳೇ ತೊಳೆದಿದ್ದಳು. ಕೊನೆಯದೂ ಮುನ್ನೂರ ಅರವತ್ತೈದೇ ಎಂದಿತು.

"ಯಾರೋ ಆಟ ಆಡ್ಯಾರ ನಮ್ಮ ಸಂಗಾಟ," ಎಂದರು ಪ್ರಯೋಗಾಲಯದ ಮುಖ್ಯಸ್ಥೆ ಡಾಕ್ಟರ್ ಮೆಹರುನ್ನಿಸಾ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತ, ಒರೆಸಿದ್ದನ್ನೇ ಒರೆಸುತ್ತ ಕೂತರು.

ಸುದ್ದಿ ಕೇಳಿ ಪಕ್ಕದ ನಿಯಂತ್ರಣ ಕೋಣೆಯಿಂದ ಚೀಫ್ ಇಂಜಿನಿಯರ್ ಹುಂಡೇಕರ್ ಬಂದರು. ಎರಡು ತಿಂಗಳಲ್ಲಿ ಮೊದಲ ಸಲ ಅವರ ಮುಖ ಅರಳಿತ್ತು. "ನಾ ಮೊದಲ ದಿನಾನೇ ಹೇಳಿದ್ದೆ ಮೇಡಂ. ಊರಾಗ ಯಾರಿಗೋ ಈ ಕೆರಿ ಬ್ಯಾಡಾಗ್ಯದ." ಆಮೇಲೆ ಜಗದೇವಿಯ ಕಡೆ ತಿರುಗಿದರು. "ನೀ ಇದೇ ಊರಾಕಿ. ನಿನಗ ಗೊತ್ತಿರಲೇಬೇಕು."

"ಗೊತ್ತಿದ್ರ ಎರಡು ತಿಂಗಳು ಬ್ರಶ್ ಹಿಡ್ಕೊಂಡು ತಿಕ್ತಾ ಕೂಡ್ತಿದ್ನೇನ್ರಿ ಸರ್?"

"ಅದೇ ನನಗೂ ಸಂಶಯ. ಯಾಕ ಅಷ್ಟು ಚಂದ ತಿಕ್ಕಿದಿ ಅಂತ."

ಅವರು ಒಂದು ಹಾಳೆ ಮುಂದಿಟ್ಟರು. ಎರಡೇ ಚೌಕ: ಪಳೆಯುಳಿಕೆ ಹೌದು, ಪಳೆಯುಳಿಕೆ ಅಲ್ಲ. ಕೆಳಗೆ, ಅಲ್ಲವಾದರೆ ತಂದಿಟ್ಟವರ ಹೆಸರು. ಅದಕ್ಕೂ ಕೆಳಗೆ ಪರೀಕ್ಷೆ ಮಾಡಿದವರ ಸಹಿ, ಅಂದರೆ ಜಗದೇವಿಯದು.

"ಸೋಮವಾರ ಮುಂಜಾನಿ ಹನ್ನೊಂದಕ್ಕ ತೂಬು ತೆಗೀತೀನಿ. ಅಷ್ಟರಾಗ ಹೆಸರು ಬೇಕು."

ಅಂದು ಶುಕ್ರವಾರ.

* * *

ಮನೆಗೆ ಬಂದಾಗ ಅವಳ ಆಯಿ, ಅಜ್ಜಿ ಭೀಮಬಾಯಿ, ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಜಗದೇವಿಯ ನೆರಳು ಕಂಡದ್ದೇ ತಡ, ಮಡಿಲಲ್ಲಿದ್ದ ಏನನ್ನೋ ಎಲೆಯಡಿಕೆಯ ಸಂಚಿಗೆ ತುರುಕಿ ದಾರ ಬಿಗಿದಳು.

"ಏನದು ಆಯಿ?"

"ಅಡಿಕಿ."

"ಅಷ್ಟು ದೊಡ್ಡ ಅಡಿಕಿ ಎಲ್ಲಿರ್ತದ?"

"ನನ್ನ ಎರಡು ಹಲ್ಲಿಗೆ ಸಣ್ಣದು ಸಿಗೋದಿಲ್ಲ, ದೊಡ್ಡದೇ ಬೇಕು," ಎಂದು ಭೀಮಬಾಯಿ ಆ ಎರಡು ಹಲ್ಲನ್ನೂ ತೋರಿಸಿ ನಕ್ಕಳು. ಎಪ್ಪತ್ತೊಂಬತ್ತರ ಮುದುಕಿ. ಗಂಡ ಫರಸಿಯ ಖಣಿಯಲ್ಲಿ ಕಲ್ಲೆಬ್ಬಿಸುತ್ತಿದ್ದ. ಅವನ ಸುತ್ತಿಗೆ ಈಗಲೂ ಅವಳ ತಲೆದಿಂಬಿನ ಬಳಿ ಇರುತ್ತಿತ್ತು. ಜಗದೇವಿಯ ತಾಯಿ ಸುಗಲಾಬಾಯಿ ಮಗಳಿಗೆ ಒಂಬತ್ತು ತುಂಬುವ ಮೊದಲೇ ಜ್ವರದಲ್ಲಿ ಹೋದಳು. ಆಮೇಲೆ ಇವಳನ್ನು ಬೆಳೆಸಿದ್ದು ಈ ಮುದುಕಿ ಮತ್ತು ಮುದುಕಿಯ ಕತೆಗಳು.

ಜಗದೇವಿ ನಗಲಿಲ್ಲ. ಎರಡು ತಿಂಗಳಿಂದ ಊರಿನ ಹೆಂಗಸರ ನಡಿಗೆಯೇ ಬದಲಾಗಿತ್ತು, ಈಗ ಅವಳಿಗೆ ಹೊಳೆಯಿತು. ಬಾವಿಕಟ್ಟೆಗೆ ಅವಳು ಹೋದರೆ ಮಾತು ನಿಲ್ಲುತ್ತಿತ್ತು. ಎದುರುಮನೆಯ ಇಂದುಬಾಯಿ ಅತ್ತೆ ಸೊಂಟದ ಸಂಚಿಗೆ ಕೈ ಒತ್ತಿಕೊಂಡೇ ನೀರು ಸೇದುತ್ತಿದ್ದಳು. ಒಬ್ಬರಲ್ಲ, ಇಬ್ಬರಲ್ಲ. ಊರಿನ ಎಷ್ಟೋ ಸೊಂಟಗಳು ಏನನ್ನೋ ಬಚ್ಚಿಟ್ಟುಕೊಂಡಿದ್ದವು.

ರೊಟ್ಟಿ ಬಡಿಯುವ ಹೊತ್ತಿಗೆ ಜಗದೇವಿ ಹತ್ತಿರ ಕೂತು ಸುಮ್ಮನೆ ಕೇಳಿದಳು: "ಕಡಲ ಮಗಳ ಕತಿ ಹೇಳು ಆಯಿ."

ಮುದುಕಿಯ ಕೈ ಒಂದು ಗಳಿಗೆ ನಿಂತಿತು. "ಈಗ್ಯಾಕ ಅದು?"

"ಸುಮ್ನ. ಕೇಳಿ ಭಾಳ ದಿನ ಆಯ್ತು."

ಆಯಿ ಹಿಟ್ಟಿನ ಮುದ್ದೆಯನ್ನು ತಟ್ಟುತ್ತ, ತಟ್ಟುವ ತಾಳಕ್ಕೆ ಹೇಳಿದಳು. "ಭೂಮಿ ಇನ್ನೂ ಹಸೀ ಇದ್ದಾಗ ಇಲ್ಲಿ ಕಡಲಿತ್ತು. ಕಡಲಿಗೊಬ್ಬಾಕಿ ಮಗಳು. ಆಕೀನ ಕಲ್ಲಪ್ಪಗ ಕೊಟ್ರು. ಕಲ್ಲಪ್ಪ ಅಂದ್ರ ಈ ನೆಲ. ಬಾಯಿ ಇಲ್ಲ, ಕಿವಿ ಇಲ್ಲ, ಸಿಟ್ಟು ಮಾತ್ರ ಅದ. ಲಗ್ನ ಆದ ಮೇಲೆ ಕಡಲು ದೂರ ಹೋಯ್ತು. ಮಗಳು ಕಲ್ಲಿನ ಕೆಳಗ ಉಳಿದಳು. ಆಕಿಗೆ ತವರಿನ ಸುದ್ದಿ ಬೇಕು. ಎಷ್ಟೋ ವರ್ಷಕ್ಕೊಮ್ಮೆ ತಡೀಲಾರದ ಮ್ಯಾಲೆದ್ದು ಬರ್ತಾಳ, ತವರಿಂದ ಯಾರರ ಬಂದಾರೇನಂತ ನೋಡ್ತಾಳ. ಬಂದವರಿಗೆಲ್ಲ ಒಂದೊಂದು ಬಿಳಿ ಕುಬಸ ತೊಡಿಸಿ, ಉಡಿ ತುಂಬಿ, ತಿರುಗಿ ಕೆಳಗಿಳೀತಾಳ. ಆ ವರ್ಷ ಹೊಸಬರು ಯಾರೂ ಬಂದಿಲ್ಲಂದ್ರ..."

"ಅಂದ್ರ?"

"ಅಂದ್ರ ಅತ್ತು ಹೋಗ್ತಾಳ. ಆವಾಗ ಬಾವಿ ನೀರು ಉಪ್ಪಾಗ್ತದ. ನೀ ಸಾಲ್ಯಾಗ ಎರಡನೇತ್ತೆ ಇದ್ದಾಗ ಆಗಿತ್ತಲ್ಲ ಒಂದು ಶ್ರಾವಣ, ನೆನಪದ?"

ನೆನಪಿತ್ತು. ಶಾಲೆಯ ನಲ್ಲಿಗೆ ಬಾಯಿ ಹಚ್ಚಿ ಉಗುಳಿದ್ದು, ಮಾಸ್ತರರು ಚೇಷ್ಟೆಯೆಂದು ಹೊಡೆದದ್ದು. ಅವಳಿಗಾಗ ಏಳು ವರ್ಷ.

ಚಿಕ್ಕಂದಿನಲ್ಲಿ ಈ ಕತೆ ಕೇಳಿದರೆ ಕಣ್ಣು ತುಂಬುತ್ತಿತ್ತು. ಇಂದು ಅವಳು ಕತೆಗಿಂತ ಹೆಚ್ಚಾಗಿ ಹೇಳುವವಳ ಮುಖ ನೋಡುತ್ತಿದ್ದಳು. ಅದು ತನಗೇ ನಾಚಿಕೆಯೆನಿಸಿತು. ಆದರೂ ನೋಡಿದಳು.

* * *

ಶನಿವಾರ ಮಧ್ಯಾಹ್ನ ಕಾವಲಿನವರು ಊಟಕ್ಕೆ ಕೂತ ಹೊತ್ತಿಗೆ ಆಯಿ ಮನೆಯಿಂದ ಹೊರಬಿದ್ದಳು. ಸಂಚಿ ಸೊಂಟದಲ್ಲಿತ್ತು, ಸುತ್ತಿಗೆ ಸೆರಗಿನೊಳಗೆ. ಜಗದೇವಿ ಬೇಲಿಯ ಮರೆ ಹಿಡಿದು ಹಿಂದೆ ಹೋದಳು. ಮುದುಕಿ ಗವಿಯ ದೊಡ್ಡ ಬಾಯಿಗೆ ಹೋಗಲಿಲ್ಲ. ಹಳೆಯ ಖಣಿಯ ಹಿಂಬದಿಗೆ ಇಳಿದು, ಒಂದು ಫರಸಿಯ ಹಾಳೆ ಸರಿಸಿ, ಬಿಲದೊಳಗೆ ಹೋಗುವ ಉಡದಂತೆ ನೆಲದೊಳಗೆ ನುಸುಳಿಬಿಟ್ಟಳು.

ಯಾವ ನಕ್ಷೆಯಲ್ಲೂ ಇಲ್ಲದ ಕಿಂಡಿ. ಹೊಟ್ಟೆಯ ಮೇಲೆ ತೆವಳಿ ಜಗದೇವಿ ಹೊರಬಿದ್ದದ್ದು ಚಿಪ್ಪುಗಳು ಸಿಕ್ಕಿದ್ದ ಹಿಂದಿನ ಕೋಣೆಗೇ. ಅಲ್ಲಿ ಆಯಿ ಲಾಟೀನಿನ ಬೆಳಕಲ್ಲಿ ಮಂಡಿಯೂರಿ ನೆಲಕ್ಕೆ ಸುತ್ತಿಗೆ ಬಡಿಯುತ್ತ, ಬಡಿದಲ್ಲಿ ಕಿವಿ ಇಡುತ್ತ ಕೂತಿದ್ದಳು. ಟಣ್. ಟಣ್. ಖಣಿಯವರು ಹಾಳೆ ಎಬ್ಬಿಸುವ ಮೊದಲು ಕಲ್ಲನ್ನು ಮಾತಾಡಿಸುವುದು ಹೀಗೆಯೇ.

"ಅಡಿಕಿ ಒಡೀಲಾಕ ಇಷ್ಟು ದೂರ ಬರಬೇಕೇನು ಆಯಿ?"

ಮುದುಕಿ ಬೆಚ್ಚಲಿಲ್ಲ. "ಬೆನ್ನ ಹಿಂದ ನಿನ್ನ ಉಸಿರು ಬೇಲಿ ಹಂತೇಲೆ ಕೇಳಿಸಿತ್ತು. ಬಾ, ಕೂಡು."

"ಚಿಪ್ಪು ಇಟ್ಟಾಕಿ ನೀನೇ?"

"ನಾನೂ."

ಆ ಒಂದು 'ಊ'ದಲ್ಲಿ ಊರಿನ ಹೆಂಗಸರೆಲ್ಲ ಇದ್ದರು.

ಆಯಿ ಹೇಳಿದ್ದಿಷ್ಟು. ಈ ಊರಿಗೆ ಸೊಸೆಯಾಗಿ ಬಂದವಳು ಜೀವಮಾನದಲ್ಲಿ ಒಮ್ಮೆ ಕಡಲು ಕಂಡು ಬಂದರೆ ಒಂದು ಚಿಪ್ಪು ತಂದು ಗೋಡೆಯ ಗೂಡಿನಲ್ಲಿ ಇಡಬೇಕು. ಕಡಲ ಮಗಳಿಗೆ ತವರಿನ ಸುದ್ದಿ. ಗಂಡಸರಿಗೆ ಹೇಳಬಾರದು, ತವರಿನ ಮಾತು ಅವರಿಗೇಕೆ? ಲಗ್ನವಾಗದ ಹುಡುಗಿಯರಿಗೆ ಕತೆ ಮಾತ್ರ ಹೇಳಬೇಕು, ಜಾಗ ತೋರಿಸಬಾರದು. ಅತ್ತೆಯ ಅತ್ತೆಯ ಕಾಲದಿಂದ ಇದೇ ನಡೆದಿದೆ.

"ಅದಕ್ಕ ನನಗ ಹೇಳಲಿಲ್ಲ."

"ಅದಕ್ಕ ಹೇಳಲಿಲ್ಲ. ನೀ ಕಂಪ್ಯೂಟರಿನ ಸಂಗಾಟ ಲಗ್ನ ಆದಂಗ ಕೂತೀದಿ, ನಾ ಏನು ಮಾಡ್ಲಿ?"

"ಸೋಮವಾರ ಹೆಸರು ಬರಿಯಂತಾರ ಆಯಿ."

"ಬರಿ. ಭೀಮಬಾಯಿ ಅಂತ ಬರಿ. ದೀರ್ಘ ತಪ್ಪಬ್ಯಾಡ."

ಜಗದೇವಿಗೆ ಅಳು ಬಂತು, ಸಿಟ್ಟೂ ಬಂತು. "ಸಂಚಿಯೊಳಗ ಇರೋದೇನು, ಈಗರ ಹೇಳು."

ಮುದುಕಿ ದಾರ ಸಡಿಲಿಸಿ ಅಂಗೈ ಚಾಚಿದಳು. ಬಿಳಿಯ ಗಟ್ಟಿ ಪೊರೆ ಹೊತ್ತ ಒಂದು ಚಿಪ್ಪು. "ನಿಮ್ಮವ್ವಂದು. ನೀ ಹೊಟ್ಟಿಯೊಳಗಿದ್ದಾಗ ಗೋಕರ್ಣದಿಂದ ತಂದಿದ್ದಳು. ಸರ್ವೇದವರು ಬರ್ತಾರಂದ ಕೂಡ್ಲೆ ನಾವೆಲ್ಲ ನಮ್ಮ ನಮ್ಮವರದು ಕಿತ್ಕೊಂಡ್ವಿ. ಸತ್ತ ಹಿರೇರದು ಯಾರದು ಯಾವುದು ತಿಳೀಲಿಲ್ಲ, ಉಳೀತು. ನೀವು ಅದರ ಕುಬಸ ಬಿಚ್ಚಿ, ತಿಕ್ಕಿ ತೊಳೆದು ಬತ್ತಲೆ ಮಾಡಿ ಮೇಜಿನ ಮ್ಯಾಲೆ ಇಟ್ರಿ. ನಿಮ್ಮವ್ವನ್ನ ಹಂಗ ಮಾಡ್ಲಾಕ ನಾ ಬಿಡ್ತೀನೇನು?"

ಕುಬಸ.

ಜಗದೇವಿ ಚಿಪ್ಪನ್ನು ಲಾಟೀನಿಗೆ ಹಿಡಿದಳು. ನಿನ್ನೆಯವರೆಗೆ ಅವಳ ಪಾಲಿಗೆ ಅದು ಕೊಳೆ. ನೀರು ತುಂಬಿ ನಿಂತು, ಮೆಲ್ಲಗೆ ಇಳಿದಾಗ ಮಾತ್ರ ಕಟ್ಟುವ ಸುಣ್ಣದ ಪೊರೆ ಅದು ಎಂದು ಅವಳಿಗೆ ಓದಿನಿಂದ ಗೊತ್ತಿತ್ತು. ಈ ಗವಿ ಸದಾ ಒಣಗಿದ್ದು ಎಂದು ಯೋಜನೆಯ ಕಡತ ಹೇಳುತ್ತಿತ್ತು. ಒಣ ಗವಿಯಲ್ಲಿ, ಇಪ್ಪತ್ತೇಳು ವರ್ಷದ ಹಿಂದೆ ಇಟ್ಟ ಚಿಪ್ಪಿಗೆ ಇದನ್ನು ತೊಡಿಸಿದವರು ಯಾರು?

"ಆಯಿ, ನಿನ್ನ ಚಿಪ್ಪು ಎಲ್ಲಿ? ಅದಕ್ಕ ಎಷ್ಟು ಕುಬಸ?"

"ನಾ ಇಟ್ಟು ಐವತ್ತೊಂಬತ್ತು ವರ್ಷ ಆಯ್ತು. ಮೂರು ಇರಬೇಕು. ಮೂರು ಸಲ ಬಂದು ಹೋಗ್ಯಾಳ."

"ಮತ್ತ ಯಾವಾಗ ಬರ್ತಾಳ?"

ಆಯಿ ಸುತ್ತಿಗೆ ಎತ್ತಿ ನೆಲಕ್ಕೆ ಬಡಿದಳು. ಟಣ್. "ಅದನ್ನೇ ಕೇಳ್ಲತ್ತೀನಿ."

* * *

ಭಾನುವಾರ ಮುಂಜಾನೆ ಡಾಕ್ಟರ್ ಮೆಹರುನ್ನಿಸಾ ಚಹಾ ಲೋಟ ಹಿಡಿದು ಪ್ರಯೋಗಾಲಯದ ಬಾಗಿಲು ತೆರೆದರೆ ಹೊರಗೆ ಹದಿನಾಲ್ಕು ಹೆಂಗಸರು ಸಾಲಾಗಿ ನಿಂತಿದ್ದರು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಎಲ್ಲರ ಕೈಯೂ ಸೊಂಟದ ಮೇಲೆ.

"ಏನಿದು ಜಗದೇವಿ?"

"ಕಳ್ಳರು ಮೇಡಂ. ರಾತ್ರಿ ಆಯಿ ಮನಿಮನಿಗೆ ಹೋಗಿ ಹೇಳಿದ್ಲು, ತಾವಾಗಿ ಬಂದಾರ."

ಮೊದಲು ಇಂದುಬಾಯಿ. "ನಂದು ರಾಮೇಶ್ವರದ್ದು. ಇಪ್ಪತ್ತು ವರ್ಷ ಆಯ್ತು. ನನ ಸೊಸಿ ಮುಂದ ಬಾಯಿ ಬಿಡಬ್ಯಾಡ್ರಿ ತಾಯಿ, ಆಕಿಗಿನ್ನೂ ಕಡಲು ತೋರಿಸಿಲ್ಲ." ಹಿಂದಿನಿಂದ ಯಾರೋ, "ಸೊಸಿ ಇಲ್ಲೇ ನಿಂತೀನಿ ಅತ್ತಿ, ನಾ ಹೋದ ವರ್ಷಾನೇ ಇಟ್ಟೀನಿ," ಎಂದಳು. ಸಾಲು ನಗೆಯಿಂದ ಕುಲುಕಿತು. ಆ ಹೆಂಗಸರೆಲ್ಲ ಒಟ್ಟಿಗೆ ನಕ್ಕದ್ದು ಎರಡು ತಿಂಗಳಲ್ಲಿ ಅದೇ ಮೊದಲು.

ಚಿಪ್ಪನ್ನು ಸೀಳದೆ ಪೊರೆಯ ಪದರು ಕಾಣದು. ತಾಯಿಯ ಚಿಪ್ಪನ್ನು ಜಗದೇವಿ ಎಲ್ಲಕ್ಕಿಂತ ಕೊನೆಗೆ ಗರಗಸದ ಅಡಿಗೆ ಇಟ್ಟಳು. ಆಯಿ ಹತ್ತಿರ ನಿಂತು, "ಅರ್ಧ ನಿನ್ನ ಯಂತ್ರಕ್ಕ, ಅರ್ಧ ನನಗ," ಎಂದಷ್ಟೇ ಹೇಳಿ ಕಣ್ಣು ಮುಚ್ಚಿಕೊಂಡಳು.

ಸಂಜೆಗೆ ಪಟ್ಟಿ ಮುಗಿಯಿತು. ಹದಿನೆಂಟು ವರ್ಷದ ಹಿಂದೆ ಇಟ್ಟ ಚಿಪ್ಪಿಗೆ ಪೊರೆಯೇ ಇಲ್ಲ. ಇಪ್ಪತ್ತು ವರ್ಷದ್ದಕ್ಕೆ ಒಂದು. ಮೂವತ್ತೇಳಕ್ಕೂ ಒಂದೇ, ಮೂವತ್ತೊಂಬತ್ತಕ್ಕೆ ಎರಡು. ಭೀಮಬಾಯಿಯದಕ್ಕೆ ಮೂರು. ಹತ್ತೊಂಬತ್ತು ವರ್ಷಕ್ಕೊಮ್ಮೆ ಗವಿ ತುಂಬಿ ಇಳಿದಿತ್ತು, ಯಾರ ಕಣ್ಣಿಗೂ ಬೀಳದೆ, ಕೆಳಗಿನಿಂದ.

ಮೇಡಂ ಪೊರೆಯ ಪುಡಿಯನ್ನು ಇನ್ನೊಂದು ಯಂತ್ರಕ್ಕೆ ಹಾಕಿ, ಬಂದ ಅಂಕಿಯನ್ನು ಗೋಡೆಕಲ್ಲಿನ ಅಂಕಿಯ ಪಕ್ಕ ಬರೆದರು. "ಇದರಾಗಿನ ಸ್ಟ್ರಾನ್ಷಿಯಂ ನೋಡು, ನೀರು ಯಾವ ಕಾಲದ್ದಂತ ಹೇಳೋ ಗುರುತು. ಹೊಳಿ ನೀರಿಂದಲ್ಲ. ಈಗಿನ ಯಾವ ಕಡಲಿಂದೂ ಅಲ್ಲ. ಗೋಡಿ ಕಲ್ಲು ಯಾವ ಕಡಲಾಗ ಹುಟ್ಟಿತ್ತೋ ಅದೇ ಕಡಲಿಂದು." ಅವರ ದನಿ ಇಳಿಯಿತು. "ಆ ನೀರು ಹೋಗೇ ಇಲ್ಲ, ಜಗದೇವಿ. ಕಲ್ಲಿನ ಕೆಳಗ ಸಿಕ್ಕೊಂಡು ಉಳಿದದ. ಚಂದ್ರನ ದಾರಿ ಹದಿನೆಂಟೂವರೆ ವರ್ಷಕ್ಕೊಮ್ಮೆ ವಾಲಿ ತಿರುಗಿ ಬರ್ತದ. ಆ ಸುತ್ತು ಮುಗಿದ ಮ್ಯಾಲಿನ ಮಳೆಗಾಲದಾಗ ನೆಲದ ಮ್ಯಾಲೆ ಹೊಳಿ ಭಾರ, ಮ್ಯಾಲಿಂದ ಚಂದ್ರನ ಸೆಳೆತ. ಹಿಂಡಿದ ಬಟ್ಟಿಯಾಗಿಂದ ಬಂದಂಗ ನೀರು ಮ್ಯಾಲೆ ಬರ್ತದ."

ಜಗದೇವಿ ಬೆರಳು ಮಡಚಿದಳು. ಉಪ್ಪು ನೀರಿನ ಶ್ರಾವಣದಲ್ಲಿ ಅವಳಿಗೆ ಏಳು. ಈಗ ಇಪ್ಪತ್ತಾರು. ಅಂಗಳದಲ್ಲಿ ಆಷಾಢದ ಕೊನೆಯ ಗಾಳಿ ಬೀಸುತ್ತಿತ್ತು.

ಮೇಲಿನಿಂದ ಕಾಗಿಣಾ, ಕೆಳಗಿನಿಂದ ಕಡಲು. ನಡುವೆ ಒಂದು ಸುಣ್ಣಕಲ್ಲಿನ ಮಾಳಿಗೆ, ಅದರ ಮೇಲೆ ಇನ್ನೂರು ಮನೆ. ಎರಡು ನೀರನ್ನೂ ಒಟ್ಟಿಗೆ ತಾಳುವ ಶಕ್ತಿ ಆ ಮಾಳಿಗೆಗಿರಲಿಲ್ಲ. ನೂರಾ ಮೂವತ್ತೇಳು ಸಲ ಅವಳು ಇದೇ ಎಚ್ಚರಿಕೆಯನ್ನು ಬ್ರಶ್ಶಿನಿಂದ ತಿಕ್ಕಿ ಚರಂಡಿಗೆ ಬಿಟ್ಟಿದ್ದಳು.

* * *

"ಭಾಳ ಚಂದ ಅದ ಕತಿ," ಎಂದರು ಹುಂಡೇಕರ್ ಸೋಮವಾರ. ನಿಯಂತ್ರಣ ಕೋಣೆಯ ಗೋಡೆಯ ತುಂಬ ಪರದೆಗಳು. ಎಲ್ಲವೂ ಗವಿ ಒಣಗಿದೆ ಎನ್ನುತ್ತಿದ್ದವು. "ನೂರಾ ಮೂವತ್ತೇಳು ಸುಳ್ಳು ಚಿಪ್ಪು ಸಿಕ್ಕಿಬಿದ್ದ ಎರಡೇ ದಿನಕ್ಕ ಹದಿನೈದು ಹೊಸಾವು ಬಂದ್ವು. ತಂದವರು ಯಾರು? ಇಟ್ಟವರೇ. ವರ್ಷದ ಲೆಕ್ಕ ಹೇಳಿದವರು ಯಾರು? ಅವರೇ. ಬರೆದವರು ಯಾರು? ಮೊಮ್ಮಗಳು."

"ಅರವತ್ತು ಕೋಟಿ ವರ್ಷದ ನೀರಿನ ಗುರುತು ಯಾರ ಅಡಗಿಮನಿಯಾಗೂ ತಯಾರಾಗೋದಿಲ್ಲ," ಎಂದರು ಮೇಡಂ.

"ಗೋಡಿ ಕಲ್ಲಿನ ಪುಡಿ ಕಲಸಿ ಹಚ್ಚಿದ್ರ ಆಗ್ತದಲ್ಲ?" ಹುಂಡೇಕರ್ ಕೆಟ್ಟವರಾಗಿರಲಿಲ್ಲ. ಹನ್ನೊಂದು ವರ್ಷ ಈ ಕೆರೆಗಾಗಿ ಓಡಾಡಿದ್ದರು; ಬೇಸಿಗೆಯಲ್ಲಿ ಟ್ಯಾಂಕರಿನ ಹಿಂದೆ ಕೊಡ ಹಿಡಿದು ಓಡುವವರ ಮುಖಗಳು ಅವರಿಗೆ ಹೆಸರು ಹಿಡಿದು ಗೊತ್ತಿದ್ದವು. ನಂಬಿ ಮೋಸ ಹೋಗಲು ಅವರಿಗೆ ಧೈರ್ಯವಿರಲಿಲ್ಲ, ಅಷ್ಟೇ. ಹಾಳೆಯನ್ನು ಜಗದೇವಿಯ ಮುಂದೆ ಸರಿಸಿದರು. "ನಿನ್ನ ಯಂತ್ರ ಏನು ಹೇಳ್ತು, ಅದನ್ನಷ್ಟೇ ತುಂಬು."

ಎರಡು ಚೌಕ. ಹೌದು ಎಂದು ಸುಳ್ಳು ಬರೆದರೆ ತೂಬು ಮುಚ್ಚಿಯೇ ಇರುತ್ತದೆ, ಊರು ಉಳಿಯುತ್ತದೆ. ಅವಳ ಮಾತಿಗೆ ಮುಂದೆಂದೂ ಬೆಲೆಯಿರುವುದಿಲ್ಲ. ನಿಜ ಬರೆದರೆ ತೂಬು ತೆರೆಯುತ್ತದೆ. ಪೆನ್ನು ಹೌದಿನ ಮೇಲೆ ತುಂಬ ಹೊತ್ತು ನಿಂತಿತ್ತು. ಆಮೇಲೆ ಅವಳಿಗೆ ಅನ್ನಿಸಿತು: ಒಂದು ಸುಳ್ಳು ಬರೆದರೆ ಆ ಹದಿನಾಲ್ಕು ಹೆಂಗಸರ ನಿಜವೂ ಅದರೊಳಗೆ ಮುಳುಗುತ್ತದೆ. 'ಅಲ್ಲ' ಎಂದು ಗುರುತು ಹಾಕಿದಳು. ಕೆಳಗೆ ಬರೆದಳು: ಭೀಮಬಾಯಿ. ದೀರ್ಘ ತಪ್ಪಲಿಲ್ಲ.

ಹುಂಡೇಕರ್ ಕೀಲಿ ತಿರುವಿದರು. ತೂಬು ಕದಲಲಿಲ್ಲ. ಪರದೆಯ ಮೇಲೆ ಕೆಂಪಕ್ಷರ ಮೂಡಿತು: ಗವಿಯೊಳಗೆ ಜನರಿದ್ದಾರೆ. ಹದಿನಾಲ್ಕು.

ಒಳಗೆ ಒಂದು ಜೀವದ ಶಾಖ ಕಂಡರೂ ತೂಬು ತೆರೆಯಕೂಡದು ಎಂದು ಆ ಬೀಗ ಮಾಡಿಸಿದವರು ಅವರೇ. ಹಿಂದಿನ ಕೋಣೆಯ ಚಿತ್ರದಲ್ಲಿ ಹದಿನಾಲ್ಕು ಕೆಂಪು ಚುಕ್ಕೆ ದುಂಡಗೆ ಕೂತಿದ್ದವು. ಒಂದು ಚುಕ್ಕೆಯ ಕೈ ಮೇಲೇಳುತ್ತಿತ್ತು, ಇಳಿಯುತ್ತಿತ್ತು.

"ನೀನೇ ಕಳಿಸಿದಿ," ಎಂದರು ಹುಂಡೇಕರ್.

"ಇಲ್ಲ ಸರ್." ಜಗದೇವಿ ಆಗಲೇ ಬಾಗಿಲ ಕಡೆ ತಿರುಗಿದ್ದಳು. ನೀರು ಕೆಳಗಿನಿಂದ ಬರುವುದಾದರೆ ಮೊದಲು ಬರುವುದು ಆ ಕೋಣೆಗೇ.

ಕಿಂಡಿಯಲ್ಲಿ ನುಸುಳಿ ಹೋಗಿ ಕರೆದಳು, ಬೈದಳು, ಕೈ ಹಿಡಿದು ಜಗ್ಗಿದಳು. ಹೆಂಗಸರು ರೊಟ್ಟಿ ಗಂಟು ಬಿಚ್ಚಿ ಉಣ್ಣುತ್ತಿದ್ದರು. "ಕಲ್ಲು ಹೇಳ್ತದ, ಆವಾಗ ಏಳ್ತೀವಿ," ಎಂದಳು ಆಯಿ. "ನೀ ಹೋಗು. ಲಗ್ನ ಆಗದಾಕಿ ಇಲ್ಲಿ ಕೂಡಂಗಿಲ್ಲ." ಇಂದುಬಾಯಿ ಅವಳ ಕೈಗೊಂದು ರೊಟ್ಟಿ ತುರುಕಿದಳು. "ಆ ಇಂಜಿನಿಯರಗೂ ಒಂದು ಕೊಡು. ಮಾರಿ ನೋಡಿದ್ರ ಉಂಡಂಗಿಲ್ಲ."

ಮಂಗಳವಾರ ಏನೂ ಆಗಲಿಲ್ಲ. ಬುಧವಾರವೂ. ಪರದೆಗಳು ಒಣಗಿದೆ ಎನ್ನುತ್ತಲೇ ಇದ್ದವು. ಅಳೆಯುವ ಕಡ್ಡಿಗಳೆಲ್ಲ ತೂಬಿನ ಬದಿಗೆ, ನೀರು ನೆಲದಿಂದ ಏಳಬಹುದು ಎಂದು ಯಾರೂ ಎಣಿಸಿರಲಿಲ್ಲ. ಹುಂಡೇಕರ್ ಮೇಲಿನವರಿಗೆ ಪತ್ರ ಬರೆದರು. ಊರಿನ ಗಂಡಸರು ಗವಿಯ ಬಾಯಲ್ಲಿ ನಿಂತು ಇದೆಂಥ ವ್ರತ ಎಂದು ಗೊಣಗಿದರು. ಬುಧವಾರ ಸಂಜೆ ಜಗದೇವಿಗೂ ಕೆಟ್ಟ ಯೋಚನೆಯೊಂದು ಬಂದುಹೋಯಿತು. ವರ್ಷಗಳನ್ನು ಹೇಳಿದ್ದು ಹೆಂಗಸರೇ ಅಲ್ಲವೇ? ಮೊದಲೇ ಮಾತಾಡಿಕೊಂಡು ಬಂದಿದ್ದರೆ?

ಗುರುವಾರ ಮಧ್ಯಾಹ್ನ ಎರಡರ ಸುಮಾರಿಗೆ ಏಳುತ್ತ ಇಳಿಯುತ್ತ ಇದ್ದ ಕೈ ನಿಂತಿತು. ಹದಿನಾಲ್ಕು ಚುಕ್ಕೆ ಎದ್ದು, ಒಂದರ ಹಿಂದೊಂದು, ಗಡಿಬಿಡಿಯಿಲ್ಲದೆ ಸಾಲಾಗಿ ನಡೆದವು. ಕೊನೆಯ ಚುಕ್ಕೆ ಮಾಯವಾಗಿ ಕಾಲು ಗಂಟೆಯ ಮೇಲೆ ಪರದೆಯಲ್ಲಿ ಬೀಗದ ಕೆಂಪು ಹೋಗಿ ಹಸಿರು ಬಂತು. ಹುಂಡೇಕರರ ಕೈ ಕೀಲಿಯ ಮೇಲಿತ್ತು.

ಆಗಲೇ ಬಾಗಿಲು ನೂಕಿಕೊಂಡು ಹೆಂಗಸರು ಒಳಗೆ ಬಂದರು. ಮುಂದೆ ಭೀಮಬಾಯಿ, ಹೆಗಲ ಮೇಲೆ ಸುತ್ತಿಗೆ. "ಟಣ್ ಅನ್ನೋದು ದಬ್ ಅಂತು. ಎದ್ದು ಬಂದ್ವಿ," ಎಂದಳು, ಸಂತೆಗೆ ಹೋಗಿ ಬಂದವಳಂತೆ.

ಎಲ್ಲರ ಕಣ್ಣೂ ನೆಲದ ಮೇಲಿತ್ತು. ಹದಿನಾಲ್ಕು ಸೀರೆಯ ಅಂಚುಗಳು ಮೊಣಕಾಲಿನವರೆಗೆ ನೆಂದಿದ್ದವು. ಖಣಿಯ ಬಿಸಿಲಲ್ಲಿ ನಡೆದು ಬರುವಷ್ಟರಲ್ಲಿ ಒಣಗಿದ ಕಡೆ ಬೆಳ್ಳಗೆ, ಗರಿಗರಿಯಾಗಿ ಸೆಟೆದು ನಿಂತಿದ್ದವು. ಹಿಮ್ಮಡಿಗಳ ಸುತ್ತ ಬಿಳಿಯ ಗೆರೆ.

ಹುಂಡೇಕರ್ ಕೀಲಿ ಬಿಟ್ಟು ಬಂದರು. ಮುದುಕಿಯ ಮುಂದೆ ಮಂಡಿಯೂರಿ, ಸೀರೆಯ ಅಂಚಿಗೆ ಒಂದು ಬೆರಳು ಒತ್ತಿ, ಆ ಬೆರಳನ್ನು ನಾಲಿಗೆಗೆ ಇಟ್ಟುಕೊಂಡರು. ಆಮೇಲೆ ಎದ್ದು ಹೋಗಿ ಕೀಲಿಯನ್ನು ತೆಗೆದು ಜೇಬಿಗೆ ಹಾಕಿಕೊಂಡರು.

ಮರುದಿನದ ಹೊತ್ತಿಗೆ ಉಪ್ಪುನೀರು ಗವಿಯ ಮುಕ್ಕಾಲು ಏರಿ, ಮಾಳಿಗೆಯ ಕೆಳಗೆ ಉಸಿರಾಡುವಷ್ಟು ಜಾಗ ಬಿಟ್ಟು, ನಿಂತಿತು. ಬಾವಿ ಉಪ್ಪಾಗಲಿಲ್ಲ. ತನ್ನ ಪಾಲಿನ ಅರ್ಧ ಚಿಪ್ಪನ್ನು ಆಯಿ ಗವಿಯಿಂದ ಏಳುವ ಮೊದಲೇ ಗೂಡಿಗೆ ಇಟ್ಟು ಬಂದಿದ್ದಳು.

* * *

ನೀರು ಇಳಿಯಲು ನಲವತ್ತು ದಿನ ಹಿಡಿಯಿತು. ಹುಂಡೇಕರ್ ಹೊಳೆಯ ಆಚೆ ಬೇರೆ ಗವಿ ಹುಡುಕುತ್ತಿದ್ದರು. ಜೊತೆಗೆ ಭೀಮಬಾಯಿ ಸುತ್ತಿಗೆ ಹಿಡಿದು ಹೋಗುತ್ತಿದ್ದಳು. ಜಗದೇವಿಗೆ ಲಗ್ನವಾಗದಿದ್ದರೂ ಗೂಡು ನೋಡಿಬರಲು ಹೆಂಗಸರು ಅಪ್ಪಣೆ ಕೊಟ್ಟರು.

ತಾಯಿಯ ಅರ್ಧ ಚಿಪ್ಪು ಅಲ್ಲೇ ಇತ್ತು. ಗರಗಸ ಸೀಳಿದ ಬದಿಗೂ ತೆಳ್ಳನೆಯ ಹೊಸ ಬಿಳಿ ಪೊರೆ ಕಟ್ಟಿತ್ತು. ಅದರ ಪಕ್ಕದಲ್ಲಿ ಇನ್ನೊಂದಿತ್ತು, ಉಗುರಿನಷ್ಟು ಚಿಕ್ಕದು, ಬೂದು ಬಣ್ಣದ್ದು, ತುಸು ಬಾಯಿ ತೆರೆದದ್ದು, ಒದ್ದೆ. ಅದಕ್ಕೆ ಕುಬಸವಿರಲಿಲ್ಲ.

"ಆಯಿ, ಮತ್ತ ನೀ ಇಟ್ಟಿಯೇನು?" ಮನೆಗೆ ಬಂದವಳೇ ಕೇಳಿದಳು.

"ನಾನಾ? ನೀ ಇಟ್ಟಿರಬೇಕು ಅಂತ ನಾ ತಿಳಿದೆ." ಆಯಿ ಎಲೆ ಮಡಚುವುದನ್ನು ನಿಲ್ಲಿಸಿ ಅವಳನ್ನು ನೋಡಿದಳು. ಆ ನೋಟದಲ್ಲೂ ಈಗ ಸ್ವಲ್ಪ ಸಂಶಯವಿತ್ತು. "ಇಷ್ಟು ವರ್ಷ ತವರಿನ ಸುದ್ದಿ ಕಳಿಸಿದ್ವಿ. ಆಕಿ ಒಮ್ಮಿಯರ ಉತ್ತರ ಕೊಡಬಾರದೇನು?"

ಉಳಿದ ಹದಿಮೂರು ಹೆಂಗಸರನ್ನೂ ಕೇಳಿದಳು. ಯಾರೂ ಇಟ್ಟಿರಲಿಲ್ಲ. ಯಾರೂ ಅವಳ ಮಾತನ್ನು ಪೂರ್ತಿ ನಂಬಲೂ ಇಲ್ಲ.

ಪ್ರಯೋಗಾಲಯದಲ್ಲಿ ಅದನ್ನು ಆಮ್ಲಕ್ಕೆ ಅದ್ದಲಿಲ್ಲ, ಬ್ರಶ್ ಮುಟ್ಟಿಸಲಿಲ್ಲ. ಹಾಗೆಯೇ ಗೆರೆಗಣಕದ ಬೆಳಕಿಗೆ ಹಿಡಿದಳು. ಒಂದು ಸಲ. ಎರಡನೆಯ ಸಲ. ಮೂರನೆಯ ಸಲ.

ನಾಲ್ಕುನೂರ ಎರಡು.

ಮೇಜಿನ ಮೇಲೆ ಹೊಸ ಹಾಳೆಯೊಂದು ಬಿದ್ದಿತ್ತು. ಹೌದು, ಅಲ್ಲ, ಕೆಳಗೆ ತಂದಿಟ್ಟವರ ಹೆಸರು. ಸುಳ್ಳು ಚಿಪ್ಪಿನ ಊರಿನಿಂದ, ಸುಳ್ಳು ಚಿಪ್ಪಿನವಳ ಮೊಮ್ಮಗಳು ತಂದ ಚಿಪ್ಪು ಇದು. ಆ ಜಾಗದಲ್ಲಿ ಜನ ಯಾರ ಹೆಸರು ಬರೆಯುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಆದರೂ ಪೆನ್ನು ಎತ್ತಿಕೊಂಡು, ಇನ್ನೊಮ್ಮೆ ನೋಡೋಣವೆಂದು ಚಿಪ್ಪನ್ನು ಅಂಗೈಗೆ ತೆಗೆದುಕೊಂಡಳು.

ಅದು ಬೆಚ್ಚಗಿನ ಅಂಗೈಯಲ್ಲಿ ಒಂದು ಗಳಿಗೆ ಸುಮ್ಮನಿತ್ತು. ಆಮೇಲೆ, ಗುಟ್ಟು ಹೇಳಿ ಮುಗಿಸಿದವಳಂತೆ, ಮೆಲ್ಲಗೆ ಬಾಯಿ ಮುಚ್ಚಿಕೊಂಡಿತು.